ಗುರುಶಾಂತಮ್ಮ ವಿಚಾರಿಸಿ ಬಂದ ಸಮ್ಮೇಳನ

ಅಜ್ಜಂಪುರದ ಸ್ಟೇಷನ್ ರಸ್ತೆಯ ಹೆಂಗಸರು ಗುರುಶಾಂತಮ್ಮನಿಗೆ ‘ವಿಚಾರಣೆ ಗುರುಶಾಂತಮ್ಮ’ ಎಂದು ಹೆಸರಿಟ್ಟಿದ್ದರು. ಪ್ರೆಶರ್ ಕುಕ್ಕರ್ ಕೊಳ್ಳುವ ಮೊದಲು ಅವಳು ಮೂರು ಮನೆಗೆ ಹೋಗಿ ನೋಡಿ ಬಂದಿದ್ದಳು. ಅನ್ನ ಎಷ್ಟು ಬೇಗ ಆಗುತ್ತದೆಂದು ಕೇಳಿರಲಿಲ್ಲ. ತೊಳೆಯಲು ಎಷ್ಟು ಹೊತ್ತು ಹಿಡಿಯುತ್ತದೆ, ಮುಚ್ಚಳದ ರಬ್ಬರು ಹೋದರೆ ಎಲ್ಲಿ ಸಿಗುತ್ತದೆ, ಅದನ್ನು ತರಲು ಯಾರು ಹೋಗುತ್ತಾರೆ ಎಂದು ಕೇಳಿದ್ದಳು. ಮೂರನೆಯ ಪ್ರಶ್ನೆಗೆ ಮೂರು ಮನೆಯವರೂ ನಕ್ಕಿದ್ದರು. ಅಂಗಡಿಯವನು ಹೇಳಿದ್ದನ್ನಾಗಲಿ ಗಂಡ ಹೇಳಿದ್ದನ್ನಾಗಲಿ ನಂಬಿ ಅವಳು ಒಂದು ವಸ್ತುವನ್ನೂ ಮನೆಯೊಳಗೆ ತರುತ್ತಿರಲಿಲ್ಲ. ಬಳಸಿದ ಹೆಂಗಸಿನ ಬಾಯಿಂದಲೇ ಕೇಳಬೇಕು.

ಹಾಗಾಗಿ ೧೯೮೩ರ ನವೆಂಬರಿನಲ್ಲಿ ಮಗಳಿಗೆ ಬೆಂಗಳೂರಿನಿಂದ ಒಂದು ಉದ್ದನೆಯ ಲಕೋಟೆ ಬಂದಾಗ, ಅದನ್ನೂ ಅವಳು ವಿಚಾರಿಸಲು ಹೊರಟದ್ದರಲ್ಲಿ ಹೊಸತೇನೂ ಇರಲಿಲ್ಲ.

ಮಗಳ ಹೆಸರು ಸರ್ವಮಂಗಳ. ಮನೆಯಲ್ಲಿ ಮಂಗಳಿ. ದಿನಾ ಬೆಳಿಗ್ಗೆ ಪ್ಯಾಸೆಂಜರ್ ರೈಲು ಹತ್ತಿ ಬೀರೂರಿನ ಮೇಲೆ ಕಡೂರಿಗೆ ಹೋಗಿ ಎರಡನೇ ಪಿ.ಯು.ಸಿ. ಓದುತ್ತಿದ್ದಳು. ರೈಲಿಗೆ ಮೊದಲು ಒಂದು ಸಲ, ಸಂಜೆ ಬಂದ ಮೇಲೆ ಒಂದು ಸಲ ಎಮ್ಮೆ ಕರೆಯುತ್ತಿದ್ದಳು. ಮೂರು ವರ್ಷದ ಹಿಂದೆ ಗುರುಶಾಂತಮ್ಮನ ಬೆರಳಿನ ಗೆಣ್ಣುಗಳು ಊದಿಕೊಂಡು ಮುಷ್ಟಿ ಕಟ್ಟಲಾಗದೆ ಹೋದಾಗ ಆ ಕೆಲಸ ಮಗಳ ಪಾಲಿಗೆ ಬಂದಿತ್ತು. ಯಾರೂ ಕೂತು ತೀರ್ಮಾನಿಸಿದ್ದಲ್ಲ. ಒಂದು ಬೆಳಿಗ್ಗೆ ಅವಳು ಚೊಂಬು ತೆಗೆದುಕೊಂಡು ಹಿತ್ತಲಿಗೆ ಹೋದಳು, ಅಷ್ಟೆ.

ಚೆಲುವಿ ಎನ್ನುವ ಆ ಎಮ್ಮೆ ಈ ಸಲ ಈದ ಕರು ಎರಡನೇ ತಿಂಗಳಿಗೇ ಸತ್ತುಹೋಗಿತ್ತು. ಕರುವಿಲ್ಲದ ಎಮ್ಮೆ ಸುಲಭಕ್ಕೆ ಹಾಲು ಇಳಿಸುವುದಿಲ್ಲ. ಮಂಗಳಿ ಹದಿನೈದು ದಿನ ಬೂಸದ ಬಕೆಟ್ಟು ಮುಂದಿಟ್ಟುಕೊಂಡು, ಅದರ ಕತ್ತು ತುರಿಸುತ್ತಾ, ಏನೋ ಗುನುಗುತ್ತಾ ಕೂತು ಅದನ್ನು ಒಲಿಸಿಕೊಂಡಿದ್ದಳು. ಆಮೇಲೆ ಅದು ಅವಳ ಕೈಗೆ ಮಾತ್ರ ಹಾಲು ಬಿಡುತ್ತಿತ್ತು. ಕರೆಯುವಾಗ ಉಡಲೆಂದೇ ಒಂದು ಹಳೆಯ ಕಂದು ಲಂಗ, ದಾವಣಿ ಕೊಟ್ಟಿಗೆಯ ಗೂಟಕ್ಕೆ ನೇತಾಡುತ್ತಿದ್ದವು. ರೈಲ್ವೆ ಕ್ವಾಟ್ರಸ್ಸಿನ ಆರು ಮನೆ, ಟೀಚರ ಎರಡು ಮನೆಗಳಿಗೆ ತಿಂಗಳ ಲೆಕ್ಕದಲ್ಲಿ ದಿನಾ ವರ್ತನೆ ಹಾಲು ಹೋಗುತ್ತಿತ್ತು.

ಲಕೋಟೆಯಲ್ಲಿದ್ದ ಕಾಗದವನ್ನು ಮಂಗಳಿ ನಡುಮನೆಯಲ್ಲಿ ನಿಂತು ಓದಿದಳು. ಅವಳ ಅಜ್ಜಿ ಈಶ್ವರಮ್ಮ ಸೊಂಟ ಮುರಿದುಕೊಂಡು ಎರಡು ವರ್ಷದಿಂದ ಅಲ್ಲೇ ಮಂಚದ ಮೇಲಿದ್ದಳು. ಈರುಳ್ಳಿ ಮಂಡಿಯಲ್ಲಿ ಗುಮಾಸ್ತನಾಗಿದ್ದ ಅಪ್ಪ ಷಣ್ಮುಖಪ್ಪ ಊಟಕ್ಕೆ ಬಂದು ಕೂತಿದ್ದ.

“‘ನಿಮ್ಮಲ್ಲಿನ ನಾಯಕತ್ವದ ಗುಣಗಳನ್ನು ಗುರುತಿಸಿ ಮೈಸೂರಿನಲ್ಲಿ ನಡೆಯುವ ಐದು ದಿನಗಳ ವಿದ್ಯಾರ್ಥಿ ಧುರೀಣರ ಸಮ್ಮೇಳನಕ್ಕೆ ನಿಮ್ಮನ್ನು ಆಯ್ಕೆ ಮಾಡಲಾಗಿದೆ’ ಅಂತ ಇದೆ ಅಮ್ಮ.”

“ಯಾರು ಗುರುತಿಸಿದ್ದು?” ಎಂದಳು ಗುರುಶಾಂತಮ್ಮ.

“ಈ ಸಮ್ಮೇಳನ ಮಾಡೋ ಪರಿಷತ್ತಿನೋರು.”

“ಅವರು ನಿನ್ನ ನೋಡಿದ್ದು ಯಾವಾಗ?”

“ಮಾರ್ಕ್ಸ್ ನೋಡಿರ್ತಾರೆ.”

“ಎಮ್ಮೆ ಹತ್ರ ಕೂತ್ಕೊಂಡು ಹೂಂ ಹೂಂ ಅಂತೀಯಲ್ಲ, ಅದು ಬೆಂಗಳೂರ್ಗೆ ಕೇಳಿಸಿರ್ತದೆ ಬಿಡೇ,” ಎಂದಳು ಈಶ್ವರಮ್ಮ ಮಂಚದಿಂದ.

ಷಣ್ಮುಖಪ್ಪ ಕಾಗದ ಇಸಿದುಕೊಂಡು ಕೊನೆಯ ಪುಟ ತೆಗೆದ. “ಪ್ರತಿನಿಧಿ ಶುಲ್ಕ ಇನ್ನೂರ ಅರವತ್ತು. ಮೇಲೆ ಎರಡು ಬಿಳೀ ಸೀರೆ. ನನ್ನ ಒಂದು ತಿಂಗಳ ಸಂಬಳ ಹೋಯ್ತು. ನಾಯಕಿ ಆಗೋಕೆ ಬಿಳೀ ಸೀರೆ ಯಾಕಂತೆ?”

“ಉದ್ಘಾಟನೆಗೆ, ಅಪ್ಪಾಜಿ. ಹಿಂದಿ ಮೇಡಂ ಕರ್ಕೊಂಡು ಹೋಗ್ತಾರೆ. ಹದಿನೈದು ದಿನದೊಳಗೆ ದುಡ್ಡು ಕಟ್ಬೇಕು.”

“ಹಾಲಿನ ದುಡ್ಡು ನಿಮ್ಮಮ್ಮಂದು. ಅವಳು ಕೊಟ್ರೆ ಹೋಗು. ನಂದೇನೂ ಅಡ್ಡಿ ಇಲ್ಲ.”

ಇಷ್ಟು ವರ್ಷಗಳಲ್ಲಿ ಹಾಲಿನ ದುಡ್ಡು ತನ್ನದು ಎನ್ನುವ ಮಾತನ್ನು ಗುರುಶಾಂತಮ್ಮ ಕೇಳಿದ್ದು ಅದೇ ಮೊದಲು. ಅತ್ತೆಯ ಮಾತ್ರೆ, ಮಗಳ ರೈಲಿನ ಪಾಸು, ಕಾಲೇಜಿನ ಫೀಸು, ಮಠದಿಂದ ಅಯ್ಯನವರು ಬಂದಾಗ ಪಾದಪೂಜೆಯ ಖರ್ಚು ಎಲ್ಲಾ ಅದರಲ್ಲೇ ಹೋಗುತ್ತಿತ್ತು. ಆಗೆಲ್ಲ ಅದು ಮನೆಯ ದುಡ್ಡು. ಮಗಳಿಗೆ ಬೇಡವೆನ್ನುವ ಕೆಲಸ ಬಂದ ಕೂಡಲೆ ಅವಳದಾಯಿತು. ಅವಳು ಸಾರಿನ ಪಾತ್ರೆ ಎತ್ತಿಕೊಂಡಳು. ಸಾರು ಬಡಿಸುತ್ತಾ, “ಐದು ದಿನ ಎಮ್ಮೆ ಕರೆಯೋರು ಯಾರು?” ಎಂದಳು.

“ಅದೇನು ದೊಡ್ಡದು. ನೀನೇ ಕರಿ.”

“ಈ ಕೈಯಲ್ಲಾ?”

“ಎಣ್ಣೆ ಹಚ್ಚಿ ನೀವ್ಕೋ.”

“ನಿಮ್ಮ ಕೈಯಲ್ಲಿ ಕಸುವಿದೆ. ಅವಳ ಲಂಗ ಸುತ್ಕೊಂಡು ದಾವಣಿ ಹೊದ್ಕೊಂಡು ಕೂತ್ರೆ ಚೆಲುವಿ ಬಿಡ್ತಾಳೆ ಕಣ್ರೀ. ಶಿವನಿಯಲ್ಲಿ ನಮ್ಮಣ್ಣ ಹಂಗೇ ಕರೀತಿದ್ದ, ಅತ್ತಿಗೆ ಬಾಣಂತಿ ಆಗಿದ್ದಾಗ.”

“ನಿಮ್ಮಣ್ಣ ಉಡ್ಲಿ. ನಾನು ಮಂಡಿಗೆ ಹೋಗೋ ಮನುಷ್ಯ.”

“ಕೊಟ್ಟಿಗೆ ಇರೋದು ಹಿತ್ತಲಲ್ಲಿ. ಮಂಡಿಯೋರು ಅಲ್ಲಿಗೆ ಬರಲ್ಲ.”

ಈಶ್ವರಮ್ಮ ಸೊಂಟ ಹಿಡಿದುಕೊಂಡು ನಕ್ಕಳು. “ಇವನಿಗೆ ಮೂರು ವರ್ಷ ತುಂಬೋವರೆಗೂ ನಾನೇ ಲಂಗ ಹಾಕಿ ಜಡೆ ಹೆಣೀತಿದ್ದೆ ಕಣೇ. ಎಷ್ಟು ಚೆನ್ನಾಗಿ ಒಪ್ತಿತ್ತು.”

ಷಣ್ಮುಖಪ್ಪ ಮಜ್ಜಿಗೆಗೆ ಕಾಯದೆ ಎದ್ದುಹೋದ.

ಭಾನುವಾರ ಗುರುಶಾಂತಮ್ಮ ಅಡಿಗೆ ಮುಗಿಸಿ, ಅತ್ತೆಯನ್ನು ಮಗಳಿಗೆ ಒಪ್ಪಿಸಿ, ತರೀಕೆರೆಯ ಬಸ್ಸು ಹತ್ತಿದಳು. ಅಲ್ಲಿ ಅವಳ ಚಿಕ್ಕಮ್ಮನ ಮಗಳು ಕಮಲಾಕ್ಷಮ್ಮ ಇದ್ದಳು. ಕಮಲಾಕ್ಷಮ್ಮನ ಮಗಳು ವಿಮಲ ಹಿಂದಿನ ವರ್ಷ ಇದೇ ಸಮ್ಮೇಳನಕ್ಕೆ ಹೋಗಿಬಂದವಳು. ಬಸ್‌ಸ್ಟ್ಯಾಂಡಿನ ಹಿಂದಿನ ಆ ಮನೆಯ ನಡುಮನೆಯಲ್ಲಿ ಕಣ್ಣಿಗೆ ಮೊದಲು ಬಿದ್ದದ್ದೇ ಚೌಕಟ್ಟು ಹಾಕಿಸಿದ ಸರ್ಟಿಫಿಕೇಟು.

“ಕಳ್ಸಕ್ಕ, ಕಣ್ಮುಚ್ಕೊಂಡು ಕಳ್ಸು,” ಎಂದಳು ಕಮಲಾಕ್ಷಮ್ಮ, ಕಾಫಿ ಲೋಟ ಕೈಗೆ ಕೊಡುತ್ತಾ. “ದುಡ್ಡು ದಂಡ ಅಂತ ನಮ್ಮೆಜಮಾನ್ರೂ ಕೂಗಾಡಿದ್ರು. ಈಗ ನೋಡು, ಗಂಡಿನ ಕಡೆಯೋರು ಬಂದವರೇ ಮೊದಲು ಅದನ್ನೇ ಓದಿದ್ರು. ನಾಲ್ಕು ಜನರ ಮುಂದೆ ಮಾತಾಡೋ ಹುಡುಗಿ ಅಂದ್ರು. ಮಾಘದಲ್ಲಿ ಲಗ್ನ.”

“ಮಾತಾಡಿದ್ಲಾ ಅಲ್ಲಿ?”

“ಮಾತಾಡ್ದೆ ಸರ್ಟಿಫಿಕೇಟ್ ಕೊಡ್ತಾರೇನಕ್ಕಾ?”

ವಿಮಲ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಗುರುಶಾಂತಮ್ಮ ಲೋಟ ತೊಳೆಯುವ ನೆಪದಲ್ಲಿ ಅಲ್ಲಿಗೆ ಹೋಗಿ, ಒಗೆಯುವ ಕಲ್ಲಿನ ಪಕ್ಕ ಕುಕ್ಕುರುಗಾಲಲ್ಲಿ ಕೂತಳು.

“ಮಾತಾಡಿದ್ಯೇನೇ?”

“ಪ್ರಾರ್ಥನೆ ಹಾಡ್ದೆ ದೊಡ್ಡಮ್ಮ. ಎರಡು ನಿಮಿಷ ಭಾಷಣ ಅಂತ ನನ್ನ ಹೆಸರೂ ಪಟ್ಟಿಯಲ್ಲಿತ್ತು. ಹುಡುಗರು ಮಾತಾಡಿ ಮಾತಾಡಿ ಹೊತ್ತಾಗೋಯ್ತು. ಹುಡುಗೀರದು ನಾಳೆ ಅಂದ್ರು. ಮಾರನೇ ದಿನ ಗ್ರೂಪ್ ಫೋಟೋ ತೆಗೆಯೋದಿತ್ತು.”

“ಎಷ್ಟು ಜನಕ್ಕೆ ಬಂದಿತ್ತು ಕಾಗದ?”

“ನಮ್ಮ ಕ್ಲಾಸಲ್ಲೇ ಹನ್ನೊಂದು ಜನಕ್ಕೆ. ಫಸ್ಟ್ ಕ್ಲಾಸ್ ಬಂದೋರಿಗೆಲ್ಲ ಬಂದಿತ್ತು. ದುಡ್ಡು ಕಟ್ಟಿದೋರು ಇಬ್ಬರು.” ಅವಳು ನಕ್ಕಳು. “ನಾವಿಬ್ಬರೇ ನಾಯಕಿಯರಾದ್ವಿ.”

“ಏನು ಹೇಳ್ಕೊಟ್ರು?”

“ನಾಯಕತ್ವದ ಹನ್ನೆರಡು ಗುಣ ಬರೆಸಿದ್ರು. ಮೊದಲನೇದು ಸಮಯಪಾಲನೆ. ಅದು ನಂಗೆ ಮೊದಲೇ ಇತ್ತು, ನಮ್ಮ ನಲ್ಲೀಲಿ ನೀರು ಬರೋದು ಐದೂವರೆಗೆ.”

“ಅಡಿಗೆ ಯಾರು ಮಾಡ್ತಿದ್ರು?”

“ಭಟ್ಟರು. ಬಡಿಸೋಕೆ ಮಾತ್ರ ಹುಡುಗೀರನ್ನ ಕರೀತಿದ್ರು. ಸೇವೆ ಅಂತ. ರಂಗೋಲಿ ಬಿಡೋದೂ ನಾವೇ.”

ಗುರುಶಾಂತಮ್ಮನಿಗೆ ಇಷ್ಟು ಸಾಕಾಗಿತ್ತು. ಏಳಲು ಮೊಣಕಾಲ ಮೇಲೆ ಕೈಯೂರಿದಳು. ಅಭ್ಯಾಸದಂತೆ ಕೊನೆಯ ಪ್ರಶ್ನೆ ಕೇಳಿದಳು, ಕುಕ್ಕರಿನ ಮೂರು ಮನೆಗಳಲ್ಲೂ ಏಳುವ ಮೊದಲು ಅದನ್ನೇ ಕೇಳಿದ್ದಳು. “ಇನ್ನೊಂದ್ಸಲ ದುಡ್ಡು ಕೊಡೋ ಹಾಗಿದ್ರೆ ಕೊಡ್ತೀಯಾ?”

ವಿಮಲ ಕೈಲಿದ್ದ ಪಂಚೆಯನ್ನು ಕಲ್ಲಿನ ಮೇಲೆ ಬಿಟ್ಟಳು. ಒಳಗಿನಿಂದ ಅಮ್ಮ ಬರುತ್ತಿಲ್ಲವೆಂದು ನೋಡಿಕೊಂಡಳು.

“ಕೊಡ್ತೀನಿ ದೊಡ್ಡಮ್ಮ. ಐದು ದಿನ ನಾನು ನನ್ನ ತಟ್ಟೆ ಮಾತ್ರ ತೊಳೆದೆ. ನನ್ನ ಬಟ್ಟೆ ಮಾತ್ರ ಒಗೆದೆ. ಕೆಲಸ ಇಲ್ದೆ ಹೊತ್ತು ಹೋಗ್ದೇ ಇರೋದು ಹೆಂಗಿರತ್ತೆ ಅಂತ ಗೊತ್ತಾಯ್ತು. ಲಗ್ನ ಆದ್ಮೇಲೆ ಅಂಥದು ಎಲ್ಲಿ ಸಿಗತ್ತೆ? ಅಮ್ಮಂಗೆ ಹೇಳ್ಬೇಡಿ.”

ನಾಲ್ಕು ಗಂಟೆಯ ಬಸ್ಸಿನಲ್ಲಿ ಗುರುಶಾಂತಮ್ಮನಿಗೆ ಸೀಟು ಸಿಕ್ಕಿತು. ಕೂತರೂ ಕೂತಂತಾಗಲಿಲ್ಲ. ವಿಚಾರಿಸಿದರೆ ಒಂದು ಉತ್ತರ ಸಿಗುತ್ತದೆ ಎನ್ನುವುದು ಅವಳು ಈವರೆಗೆ ನಂಬಿದ್ದ ವಿಷಯ. ಪರಿಷತ್ತಿನವರು ಮಾರುತ್ತಿದ್ದದ್ದು ಪೊಳ್ಳು, ಅದರಲ್ಲಿ ಅನುಮಾನವಿರಲಿಲ್ಲ. ಕಮಲಾಕ್ಷಮ್ಮ ಲಾಭವೆಂದು ಎಣಿಸಿಕೊಂಡದ್ದು ಮಂಗಳಿಗೆ ಬೇಕಿರಲಿಲ್ಲ, ತನಗೂ ಈಗಲೇ ಬೇಕಿರಲಿಲ್ಲ. ಉಳಿದದ್ದು ಆ ಹುಡುಗಿ ಗುಟ್ಟಾಗಿ ಹೇಳಿದ ಮಾತು. ಅದಕ್ಕೆ ಇನ್ನೂರ ಅರವತ್ತು ರೂಪಾಯಿ ಹೆಚ್ಚೋ ಕಡಿಮೆಯೋ ಅವಳಿಗೆ ತಿಳಿಯಲಿಲ್ಲ. ಮದುವೆಯಾದಂದಿನಿಂದ ತನ್ನ ತಟ್ಟೆಯೊಂದನ್ನೇ ತೊಳೆದ ದಿನ ಯಾವುದೆಂದು ನೆನೆಸಿಕೊಳ್ಳಲು ನೋಡಿದಳು. ಮಂಗಳಿ ಹುಟ್ಟಿದಾಗ ಆಸ್ಪತ್ರೆಯಲ್ಲಿದ್ದ ಎರಡು ದಿನ. ಅಲ್ಲೂ ಪಕ್ಕದ ಹಾಸಿಗೆಯವಳ ಲೋಟ ತೊಳೆದುಕೊಟ್ಟಿದ್ದಳು.

ಮನೆಗೆ ಬಂದಾಗ ಮಂಗಳಿ ಕರೆದು ಮುಗಿಸಿ ಹಾಲು ಸೋಸುತ್ತಿದ್ದಳು. ಗುರುಶಾಂತಮ್ಮ ವಿಮಲ ಹೇಳಿದ್ದರಲ್ಲಿ ಕೊನೆಯ ಮಾತೊಂದನ್ನು ಬಿಟ್ಟು ಮಿಕ್ಕದ್ದನ್ನೆಲ್ಲ ಹೇಳಿದಳು. ಹನ್ನೊಂದು ಕಾಗದದ ವಿಷಯ ಹೇಳುವಾಗ ಮಗಳ ಮುಖ ನೋಡಲಾಗದೆ ಪಾತ್ರೆಯನ್ನೇ ನೋಡುತ್ತಿದ್ದಳು.

“ನಮ್ಮ ಕ್ಲಾಸಲ್ಲಿ ಒಂಬತ್ತು ಜನಕ್ಕೆ ಬಂದಿದೆ,” ಎಂದಳು ಮಂಗಳಿ. “ನಂಗೆ ಗೊತ್ತಿತ್ತು.”

“ಗೊತ್ತಿದ್ದೂ ಹೇಳ್ಲಿಲ್ವಲ್ಲೇ.”

“ಯಾರೂ ನನ್ನ ಯಾವುದಕ್ಕೂ ಆರಿಸಿಲ್ವಲ್ಲ ಅಮ್ಮ. ಸುಳ್ಳಾದ್ರೂ ಆರಿಸಿದ್ರಲ್ಲ ಅಂತ ಸುಮ್ನಿದ್ದೆ.” ಸೋಸುವ ಬಟ್ಟೆ ಹಿಂಡಿ ಹರವಿದಳು. “ನೀನು ವಿಚಾರಿಸೋಕೆ ಹೊರಟಾಗಲೇ ಮುಗೀತು ಅನ್ಕೊಂಡೆ. ಬೇಡ ಬಿಡು. ಎಮ್ಮೆ ಬೇರೆ ಇದೆ.”

ಗುರುಶಾಂತಮ್ಮನಿಗೆ ಸಿಟ್ಟು ಬಂತು. ಯಾರ ಮೇಲೆಂದು ಗೊತ್ತಾಗದ ಸಿಟ್ಟು. ಹದಿನೇಳರ ಹುಡುಗಿ ಇಷ್ಟು ಬೇಗ ಎಮ್ಮೆಯ ಹೆಸರು ಹೇಳಿ ಸುಮ್ಮನಾಗುವುದನ್ನು ಎಲ್ಲಿ ಕಲಿತಳು ಎಂದುಕೊಂಡಳು. ಕಲಿಸಿದವಳು ಆ ಹುಡುಗಿಯ ಎದುರಿಗೇ ನಿಂತಿದ್ದಳು.

ಮಾರನೆಯ ದಿನ ಅವಳು ಪೋಸ್ಟಾಫೀಸಿಗೆ ಹೋಗಿ ಮನಿಯಾರ್ಡರ್ ಮಾಡಿದಳು. ಬಿಳಿ ಸೀರೆಗಳನ್ನು ವರ್ತನೆ ಮನೆಯ ಟೀಚರಿಂದ ಕಡ ತಂದಳು. ರಸೀದಿಯನ್ನು ಮಗಳ ಕೈಗೆ ಕೊಟ್ಟು ಹೇಳಿದಳು:

“ಇದು ಈ ದುಡ್ಡಿಗೆ ಬಾಳೋದಿಲ್ಲ. ಅದು ನಂಗೂ ಗೊತ್ತು, ನಿಂಗೂ ಗೊತ್ತು. ಗೊತ್ತಿಟ್ಕೊಂಡೇ ಹೋಗು. ಬಡಿಸೋಕೆ ಕರೀತಾರೆ, ನೋಡ್ಕೋ.”

ಹೊರಡುವ ಹಿಂದಿನ ಸಂಜೆ ಮಂಗಳಿ ಒಂದು ಕೆಲಸ ಮಾಡಿದಳು. ಅಮ್ಮ ಉಡಬೇಕಲ್ಲ, ಸಗಣಿ ವಾಸನೆಯ ಬಟ್ಟೆ ಹೇಗೆ ಬಿಟ್ಟುಹೋಗುವುದು ಎಂದು ಕಂದು ಲಂಗ, ದಾವಣಿಗಳನ್ನು ಸೋಪು ಹಾಕಿ ತಿಕ್ಕಿ ಒಗೆದು, ಒಲೆಯ ಕಾವಿಗೆ ಒಣಗಿಸಿ, ಮಡಿಸಿ ಅಡಿಗೆಮನೆಯ ಗೂಡಿನಲ್ಲಿಟ್ಟಳು. ಅಮ್ಮನಿಗೆ ಗೊತ್ತಾದದ್ದು ಮಗಳ ರೈಲು ಹೊರಟುಹೋದ ಮೇಲೆ.

ಚೆಲುವಿ ಮೂಗು ಚಾಚಿ ಲಂಗವನ್ನು ಮೂಸಿತು. ಸೋಪಿನ ವಾಸನೆಗೆ ಮೂತಿ ತಿರುಗಿಸಿತು. ಗುರುಶಾಂತಮ್ಮ ಕೂತು ಕೆಚ್ಚಲಿಗೆ ಕೈಯಿಟ್ಟ ಕೂಡಲೆ ಕಾಲು ಝಾಡಿಸಿ ಚೊಂಬನ್ನು ಗೋಡೆಗೆ ಒದೆಯಿತು. ಒಂದು ಗಂಟೆ ಕೂತರೂ ಒಂದು ಲೋಟ ಹಾಲು ಇಳಿಯಲಿಲ್ಲ. ಎಂಟು ಮನೆಗೂ ಅವಳೇ ಹೋಗಿ ಇವತ್ತು ಹಾಲಿಲ್ಲ ಎಂದು ಹೇಳಿ ಬಂದಳು. ಸಂಜೆ ಷಣ್ಮುಖಪ್ಪನನ್ನು ಮತ್ತೊಮ್ಮೆ ಕೇಳಿದಳು. “ಎರಡು ದಿನ ಹಾಲಿಲ್ದಿದ್ರೆ ಲೋಕ ಮುಳುಗಲ್ಲ,” ಎಂದ. ಮಾರನೆಯ ಬೆಳಿಗ್ಗೆ ಬರೀ ಡಿಕಾಕ್ಷನ್ ಕುಡಿಯುವಾಗ ಮುಖ ಸಿಂಡರಿಸಿದವನೂ ಅವನೇ. ಅದೇ ದಿನ ಮಂಡಿಯಲ್ಲಿ, “ನಮ್ಮ ಹುಡುಗಿ ಮೈಸೂರಲ್ಲಿ ಸಮ್ಮೇಳನಕ್ಕೆ ಹೋಗಿದಾಳೆ, ಆಯ್ಕೆ ಮಾಡಿ ಕರೆಸ್ಕೊಂಡ್ರು,” ಎಂದು ನಾಲ್ಕು ಜನರಿಗೆ ಹೇಳಿದನೆಂದು ವರ್ತನೆ ಮನೆಯವರಿಂದ ಅವಳಿಗೆ ತಿಳಿಯಿತು.

ಕಟ್ಟಿದ ಹಾಲಿಗೆ ಕೆಚ್ಚಲು ಬಿಸಿಯಾಗತೊಡಗಿತ್ತು. ಎರಡನೆಯ ದಿನದಿಂದ ಗುರುಶಾಂತಮ್ಮ ಉಳಿದ ಕೆಲಸಗಳ ನಡುವೆ ಸಿಕ್ಕ ಹೊತ್ತನ್ನೆಲ್ಲ ಕೊಟ್ಟಿಗೆಯಲ್ಲಿ ಕಳೆದಳು. ಬಿಸಿನೀರಿನ ಬಟ್ಟೆಯಲ್ಲಿ ಕೆಚ್ಚಲು ಒರೆಸಿದಳು. ಲಂಗವನ್ನು ಎಮ್ಮೆಯ ಬೆನ್ನಿಗೇ ಹೊದಿಸಿಟ್ಟು ಆಮೇಲೆ ಉಟ್ಟಳು. ಮಂಗಳಿ ಗುನುಗುತ್ತಿದ್ದದ್ದು ಏನೆಂದು ಈವರೆಗೆ ಗಮನಿಸಿರಲಿಲ್ಲವಾಗಿ ತನಗೆ ಬಂದದ್ದನ್ನು ಗುನುಗಿದಳು. ಮೂರನೆಯ ಸಂಜೆ ಚೆಲುವಿ ಸ್ವಲ್ಪ ಬಿಟ್ಟಿತು. ಐದನೆಯ ದಿನಕ್ಕೆ ಪೂರ್ತಿ ಬಿಟ್ಟಿತು. ಅಷ್ಟರಲ್ಲಿ ಕ್ವಾಟ್ರಸ್ಸಿನ ಎರಡು ಮನೆಯವರು ಬೇರೆ ಕಡೆ ಹಾಲು ಗೊತ್ತು ಮಾಡಿಕೊಂಡಿದ್ದರು, ಗುರುಶಾಂತಮ್ಮನ ಬಲಗೈ ಬೆರಳುಗಳು ಮಡಿಸಲಾಗದಷ್ಟು ಊದಿದ್ದವು. ರೊಟ್ಟಿ ತಟ್ಟಲಾಗದೆ ಅಂಗೈಯ ಬುಡದಿಂದ ಒತ್ತುತ್ತಿದ್ದಳು. ಆಕಾರ ಕೆಟ್ಟ ರೊಟ್ಟಿಗಳ ಬಗ್ಗೆ ಷಣ್ಮುಖಪ್ಪ ಒಂದು ಮಾತೂ ಆಡಲಿಲ್ಲ. ಅದು ತನ್ನ ದೊಡ್ಡತನ ಎಂದುಕೊಂಡಿದ್ದ.

ಆರನೆಯ ದಿನ ಮಧ್ಯಾಹ್ನ ಮಂಗಳಿ ಬಂದಳು. ಅಮ್ಮ ನೀರು ಕಾಯಿಸುತ್ತಿರುವಾಗ ಮಂಚದ ಮೇಲಿನ ಅಜ್ಜಿ ಎಲ್ಲವನ್ನೂ ಹೇಳಿಬಿಟ್ಟಳು: ಲಂಗದ ಸೋಪು, ಒದೆತ, ಹೋದ ಎರಡು ಮನೆ, ರೊಟ್ಟಿ. ಮಂಗಳಿ ಅಮ್ಮನ ಕೈ ಹಿಡಿದು ತಿರುಗಿಸಿ ನೋಡಿದಳು.

ಸಂಜೆ ನಾಲ್ಕಕ್ಕೆ ಷಣ್ಮುಖಪ್ಪ ಕಾಫಿಗೆ ಬಂದ. “ಏನಮ್ಮಾ ನಾಯಕಿ, ಏನು ಕಲಿತು ಬಂದೆ?”

“ಹನ್ನೆರಡು ಗುಣ ಬರೆಸಿದ್ರು. ನನ್ನ ಭಾಷಣ ಬರ್ಲೇ ಇಲ್ಲ. ಮೂರನೇ ದಿನ ಊಟದ ಹೊತ್ತಿಗೆ, ಹೆಣ್ಣುಮಕ್ಕಳು ಬಡಿಸೋಕೆ ಬನ್ನಿ, ನಿಜವಾದ ನಾಯಕರು ಸೇವೆ ಮಾಡ್ತಾರೆ ಅಂದ್ರು, ವೇದಿಕೆ ಮೇಲಿದ್ದೋರು. ನಾನು ಎದ್ದು ನಿಂತು ಕೇಳ್ದೆ, ಹಂಗಾದ್ರೆ ಹುಡುಗರು ನಾಯಕರಾಗೋದು ಬೇಡ್ವಾ ಸಾರ್ ಅಂತ.”

ಈಶ್ವರಮ್ಮ ಮಂಚದಲ್ಲೇ ಅರ್ಧ ಎದ್ದಳು. ಷಣ್ಮುಖಪ್ಪ ತೊಡೆ ತಟ್ಟಿಕೊಂಡು ನಕ್ಕ. “ಭೇಷ್. ಏನಂದ್ರು ಆಮೇಲೆ?”

“ಎಲ್ಲಾ ನಕ್ಕರು. ಆ ಹೊತ್ತು ಹುಡುಗರೇ ಬಡಿಸಿದ್ರು. ಸಾಂಬಾರೆಲ್ಲ ನೆಲಕ್ಕೆ. ರಾತ್ರಿ ಮತ್ತೆ ನಮ್ಮನ್ನೇ ಕರೆದ್ರು.”

“ಆದ್ರೂ ಕೇಳಿದ್ಯಲ್ಲ. ಷಣ್ಮುಖಪ್ಪನ ಮಗಳು ಅಂದ್ರೆ ಸುಮ್ನೆನಾ? ಅಂಥವರಿಗೆ ಹಂಗೇ ಕೇಳ್ಬೇಕು.”

“ಅಪ್ಪಾಜಿ,” ಎಂದಳು ಮಂಗಳಿ. “ಈ ಸಂಜೆ ಚೆಲುವಿನ ನೀವು ಕರೀರಿ. ನಾನು ಪಕ್ಕದಲ್ಲೇ ಕೂತು ಹೇಳ್ಕೊಡ್ತೀನಿ. ಪರೀಕ್ಷೆ ಮುಗಿಯೋವರೆಗೂ ಸಂಜೆ ಹೊತ್ತು ನಿಮ್ಮದು. ಅಮ್ಮನ ಕೈ ನೋಡಿ.”

ಷಣ್ಮುಖಪ್ಪನ ನಗು ಮುಖದ ಮೇಲೆ ಹಾಗೇ ನಿಂತಿತು. ಅವನು ಬಾಯಿ ತೆರೆಯುವ ಮೊದಲೇ ಗುರುಶಾಂತಮ್ಮ, “ಸುಮ್ನಿರೇ ಮಂಗಳಿ. ಬಂದ್ ಕೂಡ್ಲೆ ಶುರು ಮಾಡ್ಬೇಡ. ಅಪ್ಪಂಗೆ ಮಂಡಿಗೆ ಹೊತ್ತಾಯ್ತು,” ಎಂದುಬಿಟ್ಟಳು.

ಮಂಗಳಿ ಅಪ್ಪನನ್ನು ನೋಡಲಿಲ್ಲ. ಅಮ್ಮನನ್ನು ನೋಡಿದಳು. ಆಮೇಲೆ ಚೊಂಬು ತೆಗೆದುಕೊಂಡು ಹಿತ್ತಲಿಗೆ ಹೋದಳು.

ಷಣ್ಮುಖಪ್ಪ ನಿರಾಳವಾಗಿ ಎದ್ದು ಟವಲ್ಲು ಹೆಗಲಿಗೆ ಹಾಕಿಕೊಂಡ. ಗುರುಶಾಂತಮ್ಮ ಕಾಫಿ ಲೋಟದ ಮುಂದೆ ಕೂತೇ ಇದ್ದಳು. ಮೈಸೂರಿನ ವೇದಿಕೆಯ ಮೇಲಿನವರು ಕೂಡ ಮಗಳ ಮಾತಿಗೆ ಒಂದು ಹೊತ್ತಿನ ಮಟ್ಟಿಗೆ ಉತ್ತರ ಕೊಟ್ಟಿದ್ದರು. ಇಲ್ಲಿ ಅಷ್ಟೂ ಆಗಗೊಡದೆ ಬಾಯಿ ಮುಚ್ಚಿಸಿದವಳು ತಾನು. ಊದಿದ ಕೈ ತನ್ನದು, ಕಟ್ಟಿದ ದುಡ್ಡು ತನ್ನದು, ಹೆದರಿದ್ದೂ ತಾನೇ. ಯಾಕೆ ಹೆದರಿದೆನೆಂದು ಯೋಚಿಸಿದರೆ ಹೇಳಿಕೊಳ್ಳುವಂಥ ಕಾರಣವೊಂದೂ ಸಿಗಲಿಲ್ಲ. ಈ ಮನುಷ್ಯ ಅವಳಿಗೆ ಯಾವತ್ತೂ ಕೈಯೆತ್ತಿದವನಲ್ಲ.

ಅವಳು ಎದ್ದು ಜಗಲಿಗೆ ಬಂದಳು. ಅವನು ಚಪ್ಪಲಿ ಮೆಟ್ಟುತ್ತಿದ್ದ.

“ಅವಳು ಕೇಳಿದ್ದಕ್ಕೆ ಉತ್ತರ ಹೇಳಿ ಹೋಗ್ರಿ.”

“ಏನು ಕೇಳಿದ್ಲು?”

“ನಿಮಗೂ ಕೇಳಿಸ್ತು. ನಾನು ನಡುವೆ ಬಾಯಿ ಹಾಕಿದ್ದು ತಪ್ಪಾಯ್ತು. ಈಗ ಹಾಕಲ್ಲ.”

“ಮಂಡಿಗೆ ಹೊತ್ತಾಯ್ತು ಅಂತ ನೀನೇ ಅಂದ್ಯಲ್ಲೇ.”

“ಅಂದೆ. ಆಗ್ಲಿ, ಹೊತ್ತಾಗ್ಲಿ.”

ಅವಳು ಮೆಟ್ಟಿಲ ದಾರಿ ಬಿಟ್ಟು ಸರಿಯಲಿಲ್ಲ. ಹಿತ್ತಲಿನಿಂದ ಚೊಂಬಿಗೆ ಹಾಲು ಬೀಳುವ ಸದ್ದು ಇನ್ನೂ ಕೇಳಿಸಿರಲಿಲ್ಲ. ಮಂಗಳಿ ಎಮ್ಮೆಯ ಪಕ್ಕ ಸುಮ್ಮನೆ ಕೂತಿರಬೇಕು. ಷಣ್ಮುಖಪ್ಪ ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು, ಇನ್ನೊಂದನ್ನು ಕಾಲಲ್ಲೇ ಹುಡುಕುತ್ತಾ ಬೀದಿಯನ್ನೊಮ್ಮೆ, ಹೆಂಡತಿಯನ್ನೊಮ್ಮೆ ನೋಡುತ್ತಾ ನಿಂತ.